ಸುಣ್ಣದ ಕೆಳಗಿನ ಹದಿನಾರು ಅಕ್ಷರ

ಹಿರಿಯೂರಲ್ಲಿ ಬರೀ ಮಂಗಳಾ ಅಂತ ಕೇಳಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಟೆಲಿಫೋನ್ ಮಂಗಳಕ್ಕ ಅನ್ನಬೇಕು, ಆಗ ಬಸ್ ಸ್ಟ್ಯಾಂಡಿನ ಎಳನೀರಿನವನೂ ಮಚ್ಚು ಕೆಳಗಿಟ್ಟು ದಾರಿ ತೋರಿಸುತ್ತಿದ್ದ. ಹದಿನೆಂಟು ವರ್ಷ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಪಟ್ಟಿ ಸಿಕ್ಕಿಸಿಕೊಂಡು ಊರನ್ನು ಊರಿಗೆ ಜೋಡಿಸಿದವಳು. ಡೈರೆಕ್ಟರಿ ತೆಗೆದು ನೋಡುವುದೆಂದರೆ ಅವಳಿಗೆ ಅವಮಾನ. ಡಾಕ್ಟರ ನಂಬರು, ಕೊಬ್ಬರಿ ಮಂಡಿಯ ನಂಬರು, ಮಾರಿಕಣಿವೆ ಇನ್ಸ್‌ಪೆಕ್ಷನ್ ಬಂಗಲೆಯ ನಂಬರು, ಎಲ್ಲ ತಲೆಯಲ್ಲೇ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಊರವರು ಕಾರಣ ಹುಡುಕಿ ಹುಡುಕಿ ಸುಸ್ತಾಗಿ ಕೊನೆಗೆ ಸುಮ್ಮನಾದರು.

ಅವಳ ಹೆಸರು ಮೇಲೆ ಬಂದಿದ್ದು ತೊಂಬತ್ತೆರಡರಲ್ಲಿ. ಹೈವೇಯಲ್ಲಿ ಲಾರಿಯೊಂದು ಮಗುಚಿ ಒಬ್ಬನಿಗೆ ಜ್ಞಾನ ತಪ್ಪಿತ್ತು. ಯಾರು, ಯಾವೂರು, ಒಂದೂ ಗೊತ್ತಿಲ್ಲ. ಜೇಬಿನಲ್ಲಿ ಒಂದು ಚೀಟಿ, ಅದರಲ್ಲಿ 'ಹೊಸದುರ್ಗ 2' ಅಂತ ಇತ್ತು. ಆಗ ಹೊಸದುರ್ಗದ್ದು ಮೂರಂಕಿ ನಂಬರು, ಉಳಿದೆರಡು ಅಂಕಿ ರಕ್ತದಲ್ಲಿ ನೆಂದು ಹೋಗಿದ್ದವು. ಪೊಲೀಸಿನವರು ಕೈಚೆಲ್ಲಿ ಕೂತರು. ಮಂಗಳಾ ಮಾತ್ರ ಸೊನ್ನೆ ಸೊನ್ನೆಯಿಂದ ಶುರು ಮಾಡಿದಳು. "ನಿಮ್ಮನೆಯಿಂದ ಯಾರಾದ್ರೂ ಲಾರೀಲಿ ಹೋಗ್ಯಾರೇನ್ರಿ?" ಅಂತ ಒಂದೊಂದೇ ಮನೆ ಕೇಳುತ್ತಾ ಬಂದಳು. ಇನ್ನೂರ ನಲವತ್ತರವರು, ನಮ್ಮ ಮನೆಯಿಂದಲ್ಲ, ಹಿಟ್ಟಿನ ಗಿರಣಿ ಕಡೆಯ ಹುಡುಗ ಹೋಗಿದ್ದಾನೆ ಅಂದರು. ಅರವತ್ತೊಂದನೇ ಕರೆಗೆ ಅಣ್ಣ ಸಿಕ್ಕ. ಅಣ್ಣ ಬಂದ, ರಕ್ತ ಕೊಟ್ಟ, ತಮ್ಮ ಓಬಳೇಶ್ ಬದುಕಿದ. ಆ ಅಣ್ಣನ ಹೆಸರು ಎರ್ರಿಸ್ವಾಮಿ. ಈ ಹೆಸರು ನೆನಪಿಟ್ಟುಕೊಳ್ಳಿ.

ಆಮೇಲೆ ಎಕ್ಸ್‌ಚೇಂಜು ತನ್ನಷ್ಟಕ್ಕೆ ತಾನೇ ನಂಬರು ಜೋಡಿಸಲು ಕಲಿಯಿತು. ಮಂಗಳಾ ಕೆಲ ವರ್ಷ ಬಿಲ್ಲು ಕೌಂಟರಿನಲ್ಲಿ ಕೂತು, ಬೇಸರ ಬಂದು, ಮೊದಲೇ ನಿವೃತ್ತಿ ತಗೊಂಡು, ಮನೆಯ ಮುಂದಿನ ಕೋಣೆಯಲ್ಲಿ ಎಸ್‌ಟಿಡಿ ಬೂತ್ ಹಾಕಿದಳು. ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡುವವರಿಗೆಂದು ಒಂದು ಕಂಪ್ಯೂಟರನ್ನೂ ಇಟ್ಟಳು. ಆ ಬೂತಿನಲ್ಲಿ ಫೋನಿನ ಮೇಜಿನ ಹಿಂದೊಂದು ಗೋಡೆ. ಬಂದವರೆಲ್ಲ ಅದರ ಮೇಲೆ ಪೆನ್ಸಿಲ್ಲಿನಲ್ಲಿ ನಂಬರು ಗೀಚುತ್ತಿದ್ದರು, ನಮ್ಮ ಕಡೆ ಯಾವ ಮನೆಯಲ್ಲಿ ಗೀಚುವುದಿಲ್ಲ ಹೇಳಿ. ಮಂಗಳಾ ಬೈಯುತ್ತಿರಲಿಲ್ಲ. ಪ್ರತಿ ಯುಗಾದಿಗೂ ಮೂರು ಗೋಡೆಗೆ ಸುಣ್ಣ ಹೊಡೆದು ಅದೊಂದನ್ನು ಬಿಡುತ್ತಿದ್ದಳು. "ಅದು ಊರಿನ ಗೋಡೆ, ನಂದಲ್ಲ" ಅನ್ನುತ್ತಿದ್ದಳು.

ಎರಡು ಸಾವಿರದ ಎಂಟು. ಎರ್ರಿಸ್ವಾಮಿ ಅಷ್ಟೊತ್ತಿಗೆ ಹೊರಕೆರೆದೇವಪುರದ ಆಚೆ ಕಲ್ಲು ಕ್ವಾರಿ ನಡೆಸುವ ದೊಡ್ಡ ಮನುಷ್ಯನಾಗಿದ್ದ. ಸಂಕ್ರಾಂತಿ ಕಳೆದ ವಾರ ಅಲ್ಲಿ ಸಿಡಿಮದ್ದು ಹೊತ್ತಿಗೆ ಮುಂಚೆ ಸಿಡಿದು ಕಾಟಯ್ಯ ಅನ್ನೋ ಕೂಲಿಯವ ಸತ್ತ. ಎರ್ರಿಸ್ವಾಮಿ ಕಣ್ಣು ಮಿಟುಕಿಸದೆ, ಅವನು ನಮ್ಮ ಕೆಲಸದವನೇ ಅಲ್ಲ, ಕುಡಿದು ದಾರಿ ತಪ್ಪಿ ಬಂದವನು ಅಂದ. ಹಾಜರಿ ಪುಸ್ತಕವನ್ನು ಒಲೆಗೆ ಹಾಕಿಸಿದ. ಕಾಟಯ್ಯನ ಹೆಂಡತಿ ಜುಂಜಮ್ಮ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಳು. ಆದರೆ ಗಂಡ ಅಲ್ಲಿ ದುಡಿದ ಅನ್ನುವುದಕ್ಕೆ ಅವಳ ಹತ್ತಿರ ಬಾಯಿ ಮಾತು ಬಿಟ್ಟರೆ ಏನಿತ್ತು?

ಇದ್ದಿದ್ದು ರಮ್ಯಾಳ ಹತ್ತಿರ. ರಮ್ಯಾ ಮಂಗಳಾಳ ತಂಗಿ ಚೌಡೇಶ್ವರಿಯ ಮಗಳು, ಹೊಳಲ್ಕೆರೆಯವಳು, ಅದೇ ಕ್ವಾರಿಯ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದಳು. ಪುಸ್ತಕ ಸುಡುವ ಮುಂಚೆ, ಆ ದಿನದ ಪುಟಕ್ಕೆ ಕಾಟಯ್ಯ ಒತ್ತಿದ್ದ ಹೆಬ್ಬೆಟ್ಟನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಪುಟ ಮಗುಚದಿರಲೆಂದು ಎಡಗೈಯಲ್ಲಿ ಅದುಮಿ ಹಿಡಿದಿದ್ದರಿಂದ ಆ ಕೈಯೂ ಫೋಟೋದಲ್ಲಿ ಬಂದಿತ್ತು. ಚಿಕ್ಕವಳಿದ್ದಾಗ ಬೋಂಡದ ಎಣ್ಣೆ ಬಿದ್ದು ಸುಟ್ಟ ಕಲೆ ಆ ಕೈ ಮೇಲೆ. ಆಫೀಸಿನಲ್ಲಿ ಯಾರು ನೋಡಿದರೂ ಇದು ಯಾರ ಕೈ ಅಂತ ಹೇಳುತ್ತಿದ್ದರು. ಹಿಂದೊಮ್ಮೆ ಕ್ವಾರಿಯ ವಿಷಯ ಹೊರಗೆ ಬಾಯಿ ಬಿಟ್ಟು ಪೆಟ್ಟು ತಿಂದಿದ್ದ ಮೇಸ್ತ್ರಿ ಗೊಲ್ಲಪ್ಪನ ಎರಡೂ ಮೊಣಕಾಲು ಇವತ್ತಿಗೂ ಸರಿಯಾಗಿ ಮಡಚುವುದಿಲ್ಲ, ಅದು ರಮ್ಯಾಳಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೆ ಅವಳು ಚಿತ್ರದುರ್ಗಕ್ಕೆ ಹೋಗಿ, ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತಿದ್ದನ್ನು ನೆನೆಸಿಕೊಂಡು, ಫೋಟೋವನ್ನು ಇಂಟರ್‌ನೆಟ್ಟಿನ ಒಂದು ಗುಪ್ತ ಜಾಗದಲ್ಲಿಟ್ಟು ಮೊಬೈಲಿನಿಂದ ಅಳಿಸಿದಳು. ಆ ಜಾಗ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಹದಿನಾರು ಅಕ್ಷರದ ವಿಳಾಸವೊಂದನ್ನು ಒಂದೇ ಸಲ ತೋರಿಸುತ್ತಾರೆ, ಅದಿದ್ದವರಿಗೆ ಬಾಗಿಲು, ಇಲ್ಲದವರಿಗೆ ಗೋಡೆ. ಮಾರನೇ ದಿನವೇ ಕ್ವಾರಿಯಲ್ಲಿ ಎಲ್ಲರ ಮೊಬೈಲ್ ಕಿತ್ತುಕೊಂಡರು. ಆಫೀಸಿನ ಆರು ಜನರ ಚೀಲ, ಊಟದ ಡಬ್ಬಿ ಕೂಡ ಜಾಲಾಡತೊಡಗಿದರು. ಫೋಟೋ ಇದೆ ಅಂತಷ್ಟೇ ಜುಂಜಮ್ಮನ ಮೂಲಕ ಅವಳ ವಕೀಲರಿಗೆ ತಿಳಿಸಿದ್ದಳು. ಅವರಿಗೆ ವಿಳಾಸವನ್ನೂ ಕೊಡೋಣವೆಂದರೆ ಅವರ ಗುಮಾಸ್ತ ಎರ್ರಿಸ್ವಾಮಿಯ ಜೊತೆ ಕಾಫಿ ಕುಡಿಯುವವನು. ಹಾಗಾಗಿ ಬುಧವಾರ ಮಧ್ಯಾಹ್ನ ಕಾಯಿನ್ ಫೋನಿನಿಂದ ದೊಡ್ಡಮ್ಮನಿಗೆ ಮಾಡಿ ಹದಿನಾರು ಅಕ್ಷರ ಹೇಳಿದಳು. "ಸೋಮವಾರ ವಿಚಾರಣೆ ದೊಡ್ಡಮ್ಮ, ಅಲ್ಲಿಗಂಟ ನಿನ್ನ ಹತ್ರ ಇರ್ಲಿ. ನನ್ ಚೀಟಿ ಸುಟ್ಟಾಕ್ತೀನಿ" ಅಂದಳು. ಸುಟ್ಟೂ ಹಾಕಿದಳು.

ಮಂಗಳಾ ಏನು ಮಾಡಿದಳು ಗೊತ್ತೇ? ಮೂವತ್ತು ವರ್ಷದ ಅಭ್ಯಾಸ. ಕಿವಿಯಲ್ಲಿ ರಿಸೀವರ್, ಕೈಯಲ್ಲಿ ಪೆನ್ಸಿಲ್, ಎದುರಿಗೆ ಗೋಡೆ. ಗೋಡೆಯ ಮೇಲೇ ಬರೆದಳು. ಬರೆದಿದ್ದು ಎಲ್ಲಿ ಅನ್ನುವುದು ಫೋನಿಟ್ಟ ಮೇಲೆಯೇ ಅವಳಿಗೆ ಹೊಳೆದಿದ್ದು. ಸಾವಿರ ನಂಬರಿನ ನಡುವೆ ಯಾರಿಗೆ ಕಾಣುತ್ತದೆ ಅಂತ ಸಮಾಧಾನ ಮಾಡಿಕೊಂಡಳು. ಬುದ್ಧಿವಂತರು ಮಾಡುವ ದಡ್ಡತನ ಇಂಥದ್ದೇ.

ಗುರುವಾರ. ಯುಗಾದಿಗೆ ಹತ್ತು ಹನ್ನೊಂದು ದಿನ ಇತ್ತು. ಮೂರು ಗೋಡೆಗೆ ಸುಣ್ಣ ಮುಗಿಸಿ ಮಂಗಳಾ ಬಕೆಟ್ಟಿನ ತಳ ಕಲಕುತ್ತಿದ್ದಾಗ ಬಿಳಿ ಜೀಪು ಬಂದು ನಿಂತಿತು. ಎರ್ರಿಸ್ವಾಮಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ರಮ್ಯಾ ತನ್ನ ತಂಗಿ ಮಗಳು ಅಂತ ಇವನಿಗೆ ಗೊತ್ತಾಯಿತೇ?

"ಕುಂತ್ಕಳ್ರಿ ಸ್ವಾಮಣ್ಣ" ಅಂದಳು. ದನಿ ಹೇಗೋ ನೆಟ್ಟಗಿತ್ತು.

ಅವನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ. "ಅಕ್ಕಾರೆ, ನೀವಿಲ್ದಿದ್ರೆ ನನ್ ತಮ್ಮ ಇವತ್ತು ಇರ್ತಿರ್ಲಿಲ್ಲ. ಅದನ್ನ ನಾನು ಮರೆತಿಲ್ಲ. ಅದಕ್ಕೇ ನಿಮ್ಮತ್ರ ಬಂದಿದೀನಿ."

ಗೊತ್ತಿಲ್ಲ, ಇವನಿಗೆ ಗೊತ್ತಿಲ್ಲ. ಮಂಗಳಾ ಬ್ರಶ್ಶನ್ನು ಬಕೆಟ್ಟಿನ ಅಂಚಿಗೆ ಒರೆಸುತ್ತಾ ನಿಂತಳು. ಅವನು ನೇರ ವಿಷಯಕ್ಕೆ ಬಂದ. ಜುಂಜಮ್ಮನ ವಕೀಲರು, ಫೋಟೋ ಒಂದಿದೆ, ಗುಪ್ತ ಜಾಗದಲ್ಲಿದೆ, ಸೋಮವಾರ ತೋರಿಸುತ್ತೇವೆ ಅಂದಿದ್ದಾರೆ. ಚಿತ್ರದುರ್ಗದ ಕಂಪ್ಯೂಟರ್ ಹುಡುಗನೊಬ್ಬ ಮೂರು ದಿನದಿಂದ ವಿಳಾಸ ಹೊಡೆದು ಹೊಡೆದು ನೋಡುತ್ತಿದ್ದಾನೆ, ಸಿಕ್ಕಿಲ್ಲ. ಯಾವ ಯಾವ ಅಕ್ಷರ ಬರಬಹುದು, ಒಂದು ಸಲಕ್ಕೆ ಎಷ್ಟು ಹೊತ್ತು ಅನ್ನುವುದನ್ನೂ ಹುಡುಗ ಹೇಳಿದಂತೆ ಒಪ್ಪಿಸಿದ. "ಹದಿನಾರು ಅಕ್ಷರ ಅಂತೆ ಅಕ್ಕಾರೆ. ನೀವು ಆವತ್ತು ಚೀಟೀಲಿ ಇಲ್ದಿದ್ದ ನಂಬರ್ ಹುಡುಕಿದ್ರಿ. ಅದೇ ಉಪಾಯ ಹೇಳ್ಕೊಡ್ರಿ. ಫೋಟೋ ಕಣ್ಣಿಗೆ ಬಿದ್ರೆ ಸಾಕು, ಯಾರು ಹಿಡ್ದಿದ್ದು ಅಂತ ನಾನು ಹೇಳ್ತೀನಿ."

ಹೇಳುತ್ತಾನೆ, ಯಾಕೆ ಹೇಳಲ್ಲ. ಆ ಸುಟ್ಟ ಕಲೆ ನೋಡಿದ ಕ್ಷಣವೇ ಹೇಳುತ್ತಾನೆ.

ಮಂಗಳಾ ಬಿಲ್ಲಿನ ಕಾಗದದ ಸುರುಳಿಯನ್ನು ಎಳೆದು ಹರಿದು ಪೆನ್ಸಿಲ್ ತಗೊಂಡಳು. ಇಲ್ಲಿ ಒಂದು ಸುಳ್ಳು ಹೇಳಿದರೂ ಇವನು ಮೂಸಿ ಕಂಡುಹಿಡಿಯುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ನಿಜವನ್ನೇ ಹೇಳಲು ಕೂತಳು.

"ಆವತ್ತು ನಂಗೆ ಎಷ್ಟು ಅಂಕಿ ಗೊತ್ತಿರ್ಲಿಲ್ಲ, ಎರಡು. ನೂರು ಸಲ ತಿರುಗಿಸಿದ್ರೆ ಮುಗೀತು. ಇಲ್ಲಿ ಒಂದೊಂದು ಜಾಗದಲ್ಲಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಎರಡರಿಂದ ಏಳರವರೆಗೆ ಆರು ಅಂಕಿ, ಒಟ್ಟು ಮೂವತ್ತೆರಡು ಅವೆ. ಆ ಜಾಲ ನಿಧಾನ, ಒಂದ್ಸಲ ನೋಡೋಕೆ ಎರಡು ನಿಮಿಷ ಬೇಕು. ಹೌದಾ?"

"ಹೌದು, ಹುಡುಗ ಹಂಗೇ ಅಂದ."

"ಒಂದೇ ಅಕ್ಷರ ಗೊತ್ತಿಲ್ಲ ಅಂದ್ರೆ ಮೂವತ್ತೆರಡು ಸಲ, ಒಂದು ತಾಸು. ಎರಡು ಗೊತ್ತಿಲ್ಲ ಅಂದ್ರೆ ಸಾವಿರದ ಇಪ್ಪತ್ನಾಲ್ಕು ಸಲ, ಹಗಲೂ ರಾತ್ರಿ ಕುಂತ್ರೆ ಒಂದೂವರೆ ದಿನ. ಮೂರಕ್ಕೆ ಒಂದೂವರೆ ತಿಂಗಳು. ನಾಲ್ಕಕ್ಕೆ ನಾಲ್ಕು ವರ್ಷ." ಪೆನ್ಸಿಲ್ ಕೆಳಗಿನ ಸಾಲಿಗೆ ಇಳಿಯಿತು. "ಐದಕ್ಕೆ ನೂರ ಇಪ್ಪತ್ತೇಳು ವರ್ಷ ಸ್ವಾಮಣ್ಣ. ಇನ್ನೂ ಹನ್ನೊಂದು ಬಾಕಿ ಅವೆ."

ಎರ್ರಿಸ್ವಾಮಿ ಕಾಗದ ಇಸಕೊಂಡು ನೋಡಿದ. ಕ್ವಾರಿ ನಡೆಸುವವನು, ಕೂಲಿ ಹೆಚ್ಚಿದರೆ ಕೆಲಸ ಬೇಗ ಆಗುತ್ತದೆ ಅನ್ನುವುದು ಅವನ ಲೆಕ್ಕ. "ನೂರು ಜನ ಕೂರಿಸ್ತೀನಿ."

"ಕೂರಿಸ್ರಿ. ಐದಕ್ಕೆ ಒಂದೂಕಾಲು ವರ್ಷ ಆಯ್ತು. ಆರನೇದು ಸೇರಿಸಿದ್ರೆ ನಲವತ್ತೊಂದು ವರ್ಷ, ಏಳನೇದಕ್ಕೆ ಸಾವಿರದ ಮುನ್ನೂರು. ನೀವು ಜನ ಸೇರಿಸ್ತೀರಿ, ಅದು ಪ್ರತಿ ಸಲ ಮೂವತ್ತೆರಡು ಪಟ್ಟು ಬೆಳೀತೈತೆ. ಮನುಷ್ಯರ ಬದ್ಲು ಯಂತ್ರನೇ ಸೆಕೆಂಡಿಗೆ ಸಾವಿರ ಹೊಡೆದ್ರೂ ಹದಿನಾರು ಮುಗಿಯೋ ಹೊತ್ತಿಗೆ ಈ ದುರ್ಗದ ಕಲ್ಲೆಲ್ಲ ಸವೆದು ಮಣ್ಣಾಗಿರ್ತಾವೆ." ಅವಳ ಮಾತಿಗೆ ಈಗ ಕಳೆ ಬಂದಿತ್ತು. ಹಾಳು ಕಸುಬಿನ ಅಭಿಮಾನ, ಭಯದಲ್ಲೂ ಬಿಡುವುದಿಲ್ಲ. "ಇನ್ನೊಂದೈತೆ ಕೇಳ್ರಿ. ಹೊಸದುರ್ಗದಲ್ಲಿ ತಪ್ಪು ನಂಬರ್ ತಿರುಗಿಸಿದ್ರೂ ಒಬ್ರು ಎತ್ತೋರು. ನಮ್ಮನೆ ಅಲ್ಲಮ್ಮ, ಗಿರಣಿ ಕಡೆ ಕೇಳು ಅನ್ನೋರು. ದಾರಿ ಸಿಕ್ಕಿದ್ದೇ ಹಂಗೆ. ಇಲ್ಲಿ ಹದಿನೈದು ಸರಿ, ಒಂದು ತಪ್ಪು ಅಂದ್ರೂ ಸೊಲ್ಲಿಲ್ಲ. ಹತ್ರ ಬಂದೀಯ, ದೂರ ಇದೀಯ ಅಂತ ಹೇಳೋರೇ ಇಲ್ಲ. ಬಟಾಬಯಲು, ಮನೆ ಎಲ್ಲೋ ಒಂದೊಂದು."

ಅವನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. "ಹಂಗಾದ್ರೆ ಹುಡುಕಿ ಸಿಗಲ್ಲ. ಬರ್ಕೊಂಡಿರೋರ ಹತ್ರಾನೇ ಸಿಗಬೇಕು."

"ಹಂಗೇ ಅನ್ಸುತ್ತೆ" ಅಂದಳು ಮಂಗಳಾ.

ಅವನು ಎದ್ದ. ಹೋಗುತ್ತಾನೆ ಅಂದುಕೊಂಡರೆ ಬಾಗಿಲ ಕಡೆ ತಿರುಗದೆ ಗೋಡೆ ಕಡೆ ತಿರುಗಿದ. "ಈ ಗೋಡೆ ಇನ್ನೂ ಹಂಗೇ ಮಡಗೀರಲ್ಲ ಅಕ್ಕಾರೆ. ಕ್ವಾರಿ ಶುರು ಮಾಡಿದ ವರ್ಷ ಮದ್ದಿನೋನ ನಂಬರ್ ಇಲ್ಲೇ ಬರ್ದಿದ್ದೆ ನಾನು." ಬೆರಳಿಟ್ಟು ಹುಡುಕತೊಡಗಿದ. ಬೆರಳು ಮೇಲಿನ ಸಾಲಿನಿಂದ ಒಂದೊಂದೇ ಸಾಲು ಇಳಿಯುತ್ತಿತ್ತು. ಹದಿನಾರು ಅಕ್ಷರದ ಸಾಲು ಅವನ ಬೆರಳಿಗಿಂತ ಎರಡು ಗೇಣು ಕೆಳಗಿತ್ತು. ಸಾವಿರ ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರದ್ದು ಅದೊಂದೇ ಸಾಲು. ಈಗ ತಾನೇ ಹದಿನಾರು ಹದಿನಾರು ಅಂತ ಅವನ ತಲೆಗೆ ತುಂಬಿದವಳು ತಾನೇ.

"ಸರೀರಿ ಸ್ವಾಮಣ್ಣ, ಆ ಗೋಡೆ ಒಂದು ಬಾಕಿ ಐತೆ" ಅಂದು ಮಂಗಳಾ ಬಕೆಟ್ ಎತ್ತಿದಳು.

ಅವನು ತಿರುಗಿದ. "ಈ ಗೋಡೆಗೆ ಯಾವತ್ತೂ ಹೊಡೆಯಲ್ಲ ಅಂತಿದ್ರಿ?"

"ಎಲ್ರ ಜೇಬಿಗೂ ಮೊಬೈಲ್ ಬಂತು. ಈ ಗೋಡೆ ಯಾರಿಗೆ ಬೇಕು?" ಹೇಳುವಾಗ ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಭಯಕ್ಕೆ ಬಂದದ್ದೋ ದುಃಖಕ್ಕೆ ಬಂದದ್ದೋ, ಅವಳಿಗೇ ತಿಳಿಯಲಿಲ್ಲ. ಬಕೆಟ್ ಹಿಡಿದೇ ಸ್ಟೂಲು ಹತ್ತಲು ಹೋದಳು.

ಎರ್ರಿಸ್ವಾಮಿಗೆ ಪಾಪ ಅನ್ನಿಸಿರಬೇಕು. ತಮ್ಮನನ್ನು ಉಳಿಸಿಕೊಟ್ಟ ಹೆಂಗಸು, ಈ ವಯಸ್ಸಿನಲ್ಲಿ ಸ್ಟೂಲು ಹತ್ತುವುದೇ? "ಕೊಡ್ರಿ ಇಲ್ಲಿ, ನಾನಿದೀನಲ್ಲ" ಅಂದು ಅಂಗಿ ತೋಳು ಮಡಚಿ ಬ್ರಶ್ ಕಿತ್ತುಕೊಂಡ. ಮೇಲಿಂದ ಬಳಿಯುತ್ತಾ ಬಂದ.

ಸುಣ್ಣ ಹೊಡೆದವರಿಗೆ ಗೊತ್ತು, ಹಸಿ ಸುಣ್ಣ ಏನನ್ನೂ ಮುಚ್ಚುವುದಿಲ್ಲ. ಬಳಿದಾಗ ನೀರಿನಂತೆ ಕಾಣುತ್ತದೆ, ಬೆಳ್ಳಗಾಗುವುದು ಒಣಗಿದ ಮೇಲೆ. ಬ್ರಶ್ಶು ಆ ಸಾಲಿನ ಮೇಲೆ ಹಾದು ಹೋಯಿತು, ಸಾಲು ಇನ್ನೂ ಕಪ್ಪಗೆ ಕಾಣುತ್ತಲೇ ಇತ್ತು. ಅವನ ಮೂಗಿನಿಂದ ಒಂದು ಮೊಳ ದೂರ. ಅವನು ಬೇಸಿಗೆಯ ಬಿಸಿಲು, ತಮ್ಮನ ಸೊಂಟದ ನೋವು, ಏನೇನೋ ಮಾತಾಡುತ್ತಿದ್ದ. ಮಂಗಳಾ ಹೂಂ ಹೂಂ ಅನ್ನುತ್ತಾ ಒಂದೇ ಕೆಲಸ ಮಾಡುತ್ತಿದ್ದಳು. ಇನ್ನು ಐದು ನಿಮಿಷಕ್ಕೆ ಅದು ಅಳಿಸಿ ಹೋಗುತ್ತದೆ, ರಮ್ಯಾಳ ಚೀಟಿ ಸುಟ್ಟಾಗಿದೆ, ಲೋಕದಲ್ಲಿ ಬೇರೆ ಪ್ರತಿ ಇಲ್ಲ. ಅಳಿಸಿ ಹೋದರೆ ಎರ್ರಿಸ್ವಾಮಿಗೆ ಹೇಗೋ ತಮಗೂ ಹಾಗೇ, ಸಾವಿರ ಜನ್ಮಕ್ಕೂ ಸಿಗುವುದಿಲ್ಲ. ಎಕ್ಸ್‌ಚೇಂಜಿನ ದಿನಗಳಂತೆ ನಾಲ್ಕು ನಾಲ್ಕಾಗಿ ಕಟ್ಟಿ ಮನಸ್ಸಿಗೆ ಹಾಕಿಕೊಳ್ಳತೊಡಗಿದಳು. ಕೆ ಎರಡು ಎಂ ಕ್ಯೂ. ಏಳು ವಿ ಟಿ ಐದು. ಎಲ್ ಡಿ ಎಕ್ಸ್ ಮೂರು. ಎಸ್ ಎಚ್...

ಫೋನು ರಿಂಗಾಯಿತು. ಎತ್ತಿದರೆ ರಮ್ಯಾ. "ದೊಡ್ಡಮ್ಮ, ಸಾಹೇಬ್ರ ಜೀಪು ಹಿರಿಯೂರು ಕಡೆ ಬಂತಂತೆ, ಅಲ್ಲಿ..."

"ರಾಂಗ್ ನಂಬರ್" ಅಂದು ಇಟ್ಟಳು.

"ಯಾರಕ್ಕಾರೆ?"

"ಯಾರೋ ಕೊಬ್ಬರಿ ಮಂಡಿ ಕೇಳ್ತಿದ್ರು."

ತಿರುಗಿ ನೋಡುವಷ್ಟರಲ್ಲಿ ಫಾಲ್ಗುಣದ ಬಿಸಿಲಿಗೆ ಸಾಲು ಮಂಕಾಗಿ, ಕೊನೆ ತುದಿ ಆಗಲೇ ಕಾಣುತ್ತಿರಲಿಲ್ಲ. ಎರ್ರಿಸ್ವಾಮಿ ಅದರ ಮೇಲೆ ಎರಡನೇ ಕೈ ಹೊಡೆದು, ಕೈ ತೊಳೆದು, ಮಜ್ಜಿಗೆ ಕುಡಿದು, ನಮಸ್ಕಾರ ಮಾಡಿ ಹೋದ. ಮಂಗಳಾ ಬಾಗಿಲು ಹಾಕಿಕೊಂಡು ಬೆಳ್ಳನೆ ಗೋಡೆ ಎದುರು ನೆಲದ ಮೇಲೆ ಕೂತುಬಿಟ್ಟಳು. ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಿದಳು, ಸುಣ್ಣದ ಜೊತೆ ಪೆನ್ಸಿಲ್ಲಿನ ಗುರುತೂ ಕಿತ್ತು ಬಂತು. ತಲೆಯಲ್ಲಿ ಹದಿನಾಲ್ಕು ಇತ್ತು. ಕೊನೆಯ ಎರಡು ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ರಮ್ಯಾ ಬಂದಳು. ಕೆಲಸಕ್ಕೆ ಜ್ವರ ಅಂತ ಹೇಳಿ ಬಂದಿದ್ದಳು. ಸಂಗತಿ ಕೇಳಿ ಗೋಡೆ ಮುಟ್ಟಿ ನೋಡಿದಳು. "ಹೋಯ್ತು ದೊಡ್ಡಮ್ಮ" ಅಂದಳು.

"ಏನ್ ಹೋಯ್ತು? ಎರಡೇ ಹೋಗಿರೋದು. ಸಾವಿರದ ಇಪ್ಪತ್ನಾಲ್ಕು ಸಲ. ಕುಂತ್ಕ."

ರಮ್ಯಾ ಪೆನ್‌ಡ್ರೈವಿನಲ್ಲಿ ತಂದಿದ್ದ, ಆ ಗುಪ್ತ ಜಾಗ ತೆರೆಯುವ ಸಾಫ್ಟ್‌ವೇರನ್ನು ಬೂತಿನ ಕಂಪ್ಯೂಟರಿಗೆ ಹಾಕಿದಳು. ಹದಿನಾಲ್ಕರ ಮುಂದೆ ಎ ಎ, ಎ ಬಿ, ಎ ಸಿ. ಒಂದೊಂದಕ್ಕೂ ಎರಡು ನಿಮಿಷ, ಪರದೆ ಬಿಳಿಯಾಗೇ ಇರುತ್ತಿತ್ತು, ಆಮೇಲೆ ಸಿಗಲಿಲ್ಲ ಅನ್ನುತ್ತಿತ್ತು. ಮಂಗಳಾ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ಶುಕ್ರವಾರ ಮುಗಿಯುವಾಗ ಮುನ್ನೂರು ಗೀಟು. ಶನಿವಾರ ಹತ್ತು ಗಂಟೆಗೆ ಕರೆಂಟು ಹೋಗಿ ಕತ್ತಲಾದರೂ ಬರಲಿಲ್ಲ. ಇಬ್ಬರೂ ಸುಮ್ಮನೆ ಸತ್ತ ಪರದೆ ನೋಡುತ್ತಾ ಕೂತಿದ್ದರು. ಆಗ ಮಂಗಳಾಳ ಮನಸ್ಸಿಗೆ ಅನುಮಾನ ಹೊಕ್ಕಿತು. ಆ ಹದಿನಾಲ್ಕಾದರೂ ಸರಿಯೇ? ವಿ ಮುಂದೆಯೋ ಟಿ ಮುಂದೆಯೋ? ಒಂದೇ ಒಂದು ತಪ್ಪಿದ್ದರೂ ಈ ಎಲ್ಲ ಗೀಟು ನೀರಲ್ಲಿ ಬರೆದ ಹಾಗೆ. ತಪ್ಪು ಅಂತ ಹೇಳುವವರೂ ಆ ಕಡೆ ಇಲ್ಲ. ಎಕ್ಸ್‌ಚೇಂಜಿನಲ್ಲಿ ಅವಳು ಒಂದು ದಿನವೂ ಹೀಗೆ ಒಂಟಿಯಾಗಿರಲಿಲ್ಲ. ಆದರೆ ರಮ್ಯಾಳಿಗೆ ಅದನ್ನು ಹೇಳಲಿಲ್ಲ.

ರಾತ್ರಿ ಕರೆಂಟು ಬಂದು, ಭಾನುವಾರ ಬೆಳಗಿನ ಹೊತ್ತಿಗೆ ಐನೂರು ದಾಟಿತ್ತು. ಮಧ್ಯಾಹ್ನ ಒಂದಕ್ಕೆ ರಮ್ಯಾ ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತಳು. ಮಂಗಳಾ ಅವಳನ್ನು ಎಬ್ಬಿಸಿ ತಾನೇ ಕುರ್ಚಿಗೆ ಕೂತಳು. ಒಂದೇ ಬೆರಳಲ್ಲಿ ಒತ್ತುತ್ತಾ ಹೋದಳು, ಹಳೆಯ ಕಾಲದಲ್ಲಿ ಡಯಲ್ ತಿರುಗಿಸಿದ ಹಾಗೆ. ಮೂರು ಗಂಟೆಯ ಸುಮಾರಿಗೆ, ಏಳುನೂರ ಮೂವತ್ತಮೂರನೇ ಸಲ, ಡಬ್ಲ್ಯೂ ನಾಲ್ಕು ಅಂತ ಒತ್ತಿ ಗೀಟು ಎಳೆಯಲು ನೋಟ್‌ಬುಕ್ಕಿಗೆ ಬಗ್ಗಿದ್ದಳು. ರಮ್ಯಾ ಅವಳ ಭುಜ ಹಿಡಿದಳು. ಪರದೆಯಲ್ಲಿ ಮೇಲಿನಿಂದ ಒಂದೊಂದೇ ಗೆರೆಯಾಗಿ ಹಾಜರಿ ಪುಟ ಇಳಿಯುತ್ತಿತ್ತು, ದಿನಾಂಕ, ಹೆಸರು, ನೀಲಿ ಹೆಬ್ಬೆಟ್ಟು, ಕೊನೆಗೆ ಸುಟ್ಟ ಕಲೆಯ ಕೈ. ಮಂಗಳಾ ಅತ್ತಿದ್ದು ಆಗ.

ಸೋಮವಾರ ಚಿತ್ರದುರ್ಗದ ಕಾರ್ಮಿಕ ಇಲಾಖೆಯ ಆಫೀಸಿನಲ್ಲಿ ಅಧಿಕಾರಿ ಫೋಟೋ ನೋಡಿ, ಇದು ಯಾರ ಕೈ ಅಂತ ಕೇಳಿದರು. ಎರ್ರಿಸ್ವಾಮಿಯ ತುಟಿ ಅಲುಗುವ ಮುಂಚೆ ರಮ್ಯಾ ಎದ್ದು ನಿಂತಳು. "ನಂದೇ ಸಾರ್" ಅಂದು ಎಲ್ಲರೆದುರು ಎಡಗೈ ಮುಂದೆ ಚಾಚಿದಳು. ಅಧಿಕಾರಿ ಅದನ್ನು ಬರೆದುಕೊಂಡರು. ಇನ್ನು ಬಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ, ಅವಳಿಗೆ ಏನಾದರೂ ಆದರೆ ಮೊದಲು ಯಾರನ್ನು ಕೇಳುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಾಗಿತ್ತು. ಜುಂಜಮ್ಮ ಫೋಟೋ ಕೇಳಿ ಇಸಕೊಂಡು ಗಂಡನ ಹೆಬ್ಬೆಟ್ಟನ್ನು ಬೆರಳಲ್ಲಿ ಸವರುತ್ತಾ ಕೂತಳು.

ರಮ್ಯಾಳ ಜೊತೆ ಬಂದಿದ್ದ ಮಂಗಳಾ ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ಎರ್ರಿಸ್ವಾಮಿ ಕಾದಿದ್ದ. ಕೋಪಕ್ಕಿಂತ ಹೆಚ್ಚು, ನಂಬಿ ಕೆಟ್ಟವನ ಮುಖ. "ಆಗಲ್ಲ ಅಂದಿದ್ರಲ್ಲ ಅಕ್ಕಾರೆ."

"ಹದಿನಾರು ಆಗಲ್ಲ ಸ್ವಾಮಣ್ಣ, ಈಗಲೂ ಆಗಲ್ಲ. ಹದಿನಾಲ್ಕನ್ನ ನೀವು ಸುಣ್ಣ ಬಳಿಯುವಾಗ ಓದ್ಕೊಂಡೆ. ಎರಡು ಹುಡುಕಿದೆ." ಮಂಗಳಾ ಸೆರಗು ಸರಿಮಾಡಿಕೊಂಡಳು. "ನಿಮ್ಮ ತಮ್ಮನಿಗೂ ನಾನು ಹುಡುಕಿದ್ದು ಎರಡೇ. ಕಾಟಯ್ಯನೂ ಒಬ್ರ ಮನೆಯೋನೇ."

ಅವನು ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಸುಣ್ಣ ಇನ್ನೂ ಇತ್ತು.